ಒಂದು ಮಹಾಪ್ರಾಣದ ಸಾಕ್ಷಿ

ವ್ಯಾಪಾರಿಗಳು ಒಳಗೊಳಗೇ ಮಾತಾಡಿಕೊಂಡು ಜನರ ತಲೆ ಬೋಳಿಸುವುದನ್ನು ತಡೆಯಲಿಕ್ಕೆಂದೇ ಸರ್ಕಾರ ನಮ್ಮ ಸ್ಪರ್ಧಾ ಆಯೋಗವನ್ನು ನಾಲ್ಕನೇ ಮಹಡಿಯಲ್ಲಿ ಕೂರಿಸಿದೆ. ನಾನು ಅಲ್ಲಿನ ಟೈಪಿಸ್ಟು. ಲಿಫ್ಟ್ ಕೆಟ್ಟು ಕೂತಿತ್ತು. ರಿಪೇರಿಗೆ ದರ ಕೇಳಿ ಕೆಳಗಿನ ಬೋರ್ಡಿಗೆ ಪ್ರಕಟಣೆ ಅಂಟಿಸಿದೆವು. ಮೂವರು ಮೆಕ್ಯಾನಿಕ್‌ಗಳು ದರಪಟ್ಟಿ ಕೊಟ್ಟರು.

ನಮ್ಮ ತನಿಖಾಧಿಕಾರಿ ಸಾಹೇಬರು ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ ಕುಣಿದಾಡಿಬಿಟ್ಟರು.

"ನೋಡ್ರಮ್ಮ! ಮೂರರಲ್ಲೂ 'ದುರಸ್ತಿ' ಬದಲು 'ದುರಸ್ಥಿ'! ಕೂತು ಮಾತಾಡ್ಕೊಂಡೇ ಬರೆದಿದಾರೆ ಕಳ್ಳರು."

ದರ ಮೂರೂ ಬೇರೆ ಬೇರೆ ಇದ್ದದ್ದು ಅವರ ಕಣ್ಣಿಗೆ ಬೀಳಲಿಲ್ಲ. ಸಂಜೆಯೊಳಗೆ ಪತ್ರಿಕೆಗಳಿಗೆ ಹೇಳಿಕೆ ಹೋಯಿತು. ಇನ್ನು ಆ ಮೂವರಿಗೂ ಸರ್ಕಾರಿ ಕೆಲಸ ಬಂದ್ ಆಗುವುದೊಂದೇ ಬಾಕಿ.

ಮರುದಿನ ಅವರಲ್ಲಿ ಹಿರಿಯ, ಉಗುರಲ್ಲೆಲ್ಲ ಗ್ರೀಸ್ ಮೆತ್ತಿದ ಮುದುಕ, ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದ.

"ತಾಯೀ, ಆ ಇಬ್ಬರ ಮುಖಾನೂ ನಾನು ಕಂಡಿಲ್ಲ. ನೀವು ಅಂಟಿಸಿದ ಕಾಗದ ನೋಡ್ಕೊಂಡೇ ಬರೆದೆ. ಸರ್ಕಾರದ ಲಿಫ್ಟು ಬಿಟ್ರೆ ನನಗೆ ಬೇರೆ ಅನ್ನ ಇಲ್ಲ."

ಬೋರ್ಡಿನಿಂದ ಕಾಗದ ಕಿತ್ತು ನೋಡಿದೆ. ಅಯ್ಯೋ ದೇವರೇ! ನಮ್ಮ ಪ್ರಕಟಣೆಯಲ್ಲೇ 'ದುರಸ್ಥಿ'. ಟೈಪು ಮಾಡಿದ ಪುಣ್ಯಾತ್ಗಿತ್ತಿ ನಾನೇ. ನನ್ನ ಒಂದು ಮಹಾಪ್ರಾಣ ಮೂವರ ಪ್ರಾಣ ಹಿಂಡುತ್ತಿತ್ತು.

ಓಡಿಹೋಗಿ ಸಾಹೇಬರಿಗೆ ತೋರಿಸಿದೆ. ಅವರು ಇನ್ನಿಬ್ಬರು ಅಧಿಕಾರಿಗಳನ್ನು ಕರೆಸಿ, ಬಾಗಿಲು ಹಾಕಿ, ಕಾಗದವನ್ನು ಹರಿದು ಬುಟ್ಟಿಗೆ ಹಾಕಿದರು.

"ಪೇಪರಲ್ಲಿ ಬಂದುಬಿಟ್ಟಿದೆ, ಮರ್ಯಾದೆ ಪ್ರಶ್ನೆ. ಪ್ರಕಟಣೆ ಸರಿಯಾಗೇ ಇತ್ತು ಅಂತ ಮೂರೂ ಜನ ಒಂದೇ ಮಾತು ಹೇಳೋಣ. ಅಧ್ಯಕ್ಷರಿಗೆ ಕೊಡೋ ಹೇಳಿಕೆ ಮಾತ್ರ ಬೇರೆ ಬೇರೆ ಕಾಗದದಲ್ಲಿರಲಿ. ಟೈಪ್ ಮಾಡ್ರಮ್ಮ."

ಮಾಡಿದೆ. 'ಲಿಫ್ಟ್ ದುರಸ್ಥಿ ಪ್ರಕಟಣೆಯಲ್ಲಿ ಯಾವ ತಪ್ಪೂ ಇರಲಿಲ್ಲ.' ಮೂರರಲ್ಲೂ ಹಾಗೇ. ಈ ಸಲದ್ದು ಕೈತಪ್ಪಲ್ಲ. ಅಧಿಕಾರಿಗಳು ಮೂವರೂ ಓದದೆ ಸಹಿ ಹಾಕಿದರು.

ನಾಲ್ಕು ಮಹಡಿ ಹತ್ತಿ ಬಂದ ಆಯೋಗದ ಅಧ್ಯಕ್ಷೆ ಮೊದಲು ನೀರು ಕುಡಿದರು, ಆಮೇಲೆ ಕೆಂಪು ಪೆನ್ಸಿಲ್ ಹಿಡಿದರು.

"ಮೂವರದೂ ಒಂದೇ ತಪ್ಪು. ಕೂತು ಮಾತಾಡ್ಕೊಂಡು ಬರೆದ್ರಾ?"

"ಛೆ ಛೆ, ಇಲ್ಲ ಮೇಡಂ!" ಸಾಹೇಬರು ಬೆವರಿದರು. "ಅದು ಟೈಪಿಸ್ಟ್ ತಪ್ಪು. ಅವರು ಬರೆದದ್ದನ್ನ ನಾವು ಹಾಗೇ ನಂಬಿದ್ವಿ."

"ಆ ಮೆಕ್ಯಾನಿಕ್‌ಗಳೂ ಇದನ್ನೇ ಅಲ್ವಾ ಹೇಳ್ತಿರೋದು?"

ಪ್ರಕರಣ ಅಲ್ಲಿಗೇ ಬಿದ್ದುಹೋಯಿತು. ಮುದುಕನ ದರವೇ ಕಡಿಮೆ ಇತ್ತು. ಲಿಫ್ಟ್ ಈಗ ಓಡುತ್ತಿದೆ. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರಲ್ಲ, ಅಜಾಗರೂಕತೆಗೆ ಕಾರಣ ಕೇಳಿ ನನಗೊಂದು ನೋಟೀಸು ಬಂತು. ಅದನ್ನೂ ನಾನೇ ಟೈಪು ಮಾಡಬೇಕಾಯಿತು. ಒಂದಕ್ಷರವೂ ತಪ್ಪಲಿಲ್ಲ.