ಮಂಡಳಿಗೆ ಬಂದ ಟೈಲರಮ್ಮ

ಮಗಳೂ ಸೋದರಮಾವನೂ ಸೇರಿ ಹೊಲಿಗೆ ಯಂತ್ರವನ್ನು ಗೋಡೆಗೆ ಸರಿಸುತ್ತಿದ್ದರು. ಅಮ್ಮನನ್ನು ಮಲಗಿಸಲು ಮುಂದಿನ ಕೋಣೆಯಲ್ಲಿ ಜಾಗ ಸಾಲದು. ಬೀದಿಗೆಲ್ಲ ಟೈಲರಮ್ಮನಾಗಿದ್ದವಳು ಆ ಬೆಳಿಗ್ಗೆ ಏಳಲೇ ಇಲ್ಲ.

ಕಿವಿ ಕೇಳದ ಮಕ್ಕಳ ಶಾಲೆ ನಡೆಸುವ ಟ್ರಸ್ಟಿನ ಅಧ್ಯಕ್ಷರು ಬಂದರು. ಅಮ್ಮನ ಪಾದಕ್ಕೆ ಕೈಮುಗಿದು, ಮೆಲ್ಲಗೆ ಮಗಳಿಗೆ ಹೇಳಿದರು:

“ಆಡಳಿತ ಮಂಡಳೀಲಿ ನಿಮ್ಮಮ್ಮನ ಜಾಗಕ್ಕೆ ನೀವು ಬರ್ಬೇಕಮ್ಮ.”

“ಇವತ್ತೇ ಕೇಳ್ಬೇಕಾ ಇದನ್ನ?” ಮಾವ ಮುಖ ಗಂಟಿಕ್ಕಿದರು.

“ತಪ್ಪಾಯ್ತು. ಆದ್ರೆ ನಾಳೆ ಸಭೆ. ಆಟದ ಬಯಲು ಮಾರೋ ಮಾತು ಮತ್ತೆ ಎದ್ದಿದೆ. ಹೋದ ಸಲ ಬೇಡ ಅನ್ನೋಕೆ ನಿಮ್ಮಮ್ಮ ಇದ್ರು.”

ಆ ಶಾಲೆಯ ಮೇಲೆ ಮಗಳಿಗೆ ಒಳಗೊಳಗೇ ಮುನಿಸು. ಭಾನುವಾರ ಬಂತೆಂದರೆ ಅಮ್ಮ ಹೊಲಿಗೆ ಕಲಿಸಲು ಅಲ್ಲಿಗೆ ಓಡುತ್ತಿದ್ದಳು.

* * *

ಅಧ್ಯಕ್ಷರು ಮೊದಲ ಸಲ ಮಂಡಳಿಗೆ ಕರೆಯಲು ಬಂದಾಗ ಅಮ್ಮ ಯೋಚಿಸಲು ಸಮಯ ಕೇಳಿದ್ದಳು.

“ನಿನಗ್ಯಾಕಮ್ಮ ಈ ಉಸಾಬರಿ? ದೊಡ್ಡವರ ಮಧ್ಯೆ ಕೂತು ತಲೆಯಾಡ್ಸೋಕಾ?” ಎಂದಿದ್ದಳು ಮಗಳು.

“ನಂಗೂ ಅದೇ ಅನುಮಾನ ಕಣೇ.”

ಅವರು ಮತ್ತೆ ಬಂದಾಗ ಅಮ್ಮ ನೇರವಾಗಿಯೇ ಕೇಳಿದಳು: “ನನ್ನನ್ನ ಕರೀತಿರೋದು ಫೋಟೋಗಾ, ಮಾತಿಗಾ?”

“ಮಾತಿಗೇ.”

“ಹಾಗಾದ್ರೆ ಬರ್ತೀನಿ. ಸರಿ ಕಾಣದ್ದನ್ನ ಬೇಡ ಅಂತೀನಿ. ಆಮೇಲೆ ಮುಖ ಸಿಂಡರಿಸಬಾರ್ದು.”

ಬಯಲು ಮಾರುವ ಮಾತು ಬಂದಾಗ ಉಳಿದವರೆಲ್ಲ ಹೂಂಗುಟ್ಟಿದ್ದರು. ಅಮ್ಮ ಮಾತ್ರ ಪಟ್ಟು ಬಿಡಲಿಲ್ಲ. ಆಟದ ಹೊತ್ತಿಗೆ ಎಲ್ಲರನ್ನೂ ಬಯಲಿಗೆ ಕರೆದೊಯ್ದು, “ಇಲ್ಲಿ ನಿಂತು ಹೇಳಿ, ಮಾರೋಣ ಅಂತ” ಎಂದಳು. ಚೆಂಡಿನ ಹಿಂದೆ ಮಕ್ಕಳು ಎದ್ದುಬಿದ್ದು ಓಡುತ್ತಿದ್ದರು. ಮಾರುವ ಮಾತು ಅಲ್ಲಿಗೇ ನಿಂತಿತು.

* * *

ಅಮ್ಮನನ್ನು ಒಯ್ಯುವ ವ್ಯಾನು ಬಂತು. ಮಗಳು ಅಧ್ಯಕ್ಷರ ಕಡೆ ತಿರುಗಿದಳು.

“ಸಭೆ ಎಷ್ಟೊತ್ತಿಗೆ?”

“ಈ ಸ್ಥಿತೀಲಿ ನೀವು ಬರೋದು...”

“ಬರ್ತೀನಿ. ಅಮ್ಮನ ಜಾಗ ಅಂತ ಮಾತ್ರ ಕರೀಬೇಡಿ. ಅವಳಷ್ಟು ತಾಳ್ಮೆ ನಂಗಿಲ್ಲ. ಬಯಲಿನ ತಂಟೆಗೆ ಬಂದ್ರೆ ಜಗಳಾನೇ ಆಡ್ತೀನಿ.”

“ಥೇಟ್ ನಿಮ್ಮಮ್ಮ,” ಎಂದು ಮಾವ ಕಣ್ಣೊರೆಸಿಕೊಂಡರು.

ಅಮ್ಮನನ್ನು ಎತ್ತಿಕೊಂಡು ಹೊರಗೆ ಬಂದರೆ ಬೀದಿಯ ಎರಡೂ ಬದಿ ಜನ. ಶಾಲೆಯ ಮಕ್ಕಳು, ಅಲ್ಲಿ ಕಲಿತು ದೊಡ್ಡವರಾದವರು, ಕಂಕುಳಲ್ಲಿ ಕೂಸು ಹೊತ್ತವರು. ಒಂದು ಸದ್ದಿಲ್ಲ. ಅಮ್ಮ ಹೊಸ್ತಿಲು ದಾಟುತ್ತಿದ್ದಂತೆ ಅಷ್ಟೂ ಮಂದಿ ಕೈ ಮೇಲೆತ್ತಿ ಬೆರಳು ಬಿಡಿಸಿ ಅಲ್ಲಾಡಿಸತೊಡಗಿದರು.

“ಏನಿದು?” ಮಾವ ಪಿಸುಗುಟ್ಟಿದರು.

“ಚಪ್ಪಾಳೆ, ಮಾವ. ಅವರ ಚಪ್ಪಾಳೆ.”

ವ್ಯಾನು ತಿರುವು ದಾಟುವವರೆಗೂ ಒಂದು ಕೈಯೂ ಕೆಳಗಿಳಿಯಲಿಲ್ಲ.