ಎರಡಿಂಚು

ಡಬ್ಬೋ ಊರಿನ ಕಾರಂಗಡಿಯಲ್ಲಿ ಮರ್ವಿನ್‌ನ ಹೊಸ ಕಾರು ಕೆಂಪು ರಿಬ್ಬನ್ ಕಟ್ಟಿಸಿಕೊಂಡು ಮದುಮಗಳಂತೆ ನಿಂತಿತ್ತು. ಬುಕ್ ಮಾಡುವಾಗಲೇ ಅವನು, ಸ್ಪ್ರಿಂಗ್ ಬದಲಿಸಿ ಕಾರನ್ನು ಎರಡಿಂಚು ಇಳಿಸಿಕೊಡಬೇಕೆಂದು ಹೇಳಿದ್ದ. ಸೊಂಟ ಬಿದ್ದುಹೋಗಿದ್ದ ಹೆಂಡತಿ ಡಲ್ಸಿಗೆ ಎತ್ತರದ ಸೀಟು ಹತ್ತಲಾಗುತ್ತಿರಲಿಲ್ಲ. ಹಳೇ ಕಾರಿಗೆ ಅವಳನ್ನು ಮಗುವಿನಂತೆ ಎತ್ತಿ ಕೂರಿಸುತ್ತಿದ್ದ. ಹೊಸದು ಬರುವುದಕ್ಕೆ ವರ್ಷವೇ ಹಿಡಿಯಿತು.

ಮಾರಾಟದ ಹುಡುಗ ಕೈಲ್ ಕೀಲಿ ಕುಣಿಸುತ್ತ ನಕ್ಕ. "ಏನ್ ಯಜಮಾನ್ರೆ, ಈ ವಯಸ್ಸಲ್ಲಿ ಕಾರು ಇಳಿಸ್ಕೊಂಡು ಪಡ್ಡೆ ಹುಡುಗ್ರ ಜೊತೆ ರೇಸಿಗೆ ಹೊರಟ್ರಾ? ಸ್ಪ್ರಿಂಗ್ ಈಗಷ್ಟೇ ಬಂದಿದೆ, ಹೂಂ ಅನ್ನಿ, ಇವತ್ತೇ ಇಳಿಸ್ಬಿಡ್ತೀವಿ."

ಹಾಳು ಹಲ್ಲುಕಿರಿತ! ಮರ್ವಿನ್ ಕೀಲಿ ಕಿತ್ತುಕೊಂಡ.

"ಬೇಡ ಕಣಯ್ಯಾ. ಹತ್ತಬೇಕಾದೋಳನ್ನೇ ಗುರುವಾರ ಗುಂಡಿಗಿಳಿಸಿ ಬಂದಿದೀನಿ."