ಕೊಬ್ಬು ಕರಗಿಸೂ ಗುಳಿಗೆ

ಬೇಲೆಕೇರಿಯಲ್ಲಿ ತಾರ್ಲೆ ಮೀನು ಬಂದ ದಿನ ಮಕ್ಕಳನ್ನು ಊಟಕ್ಕೆ ಕರೀಬೇಕಂತಿಲ್ಲ, ಸಾರಿನ ವಾಸನೆಗೇ ಓಡಿ ಬರ್ತವೆ. ಮಾದಿಯಜ್ಜಿ ಮನೆಯಲ್ಲಿ ಮಾತ್ರ ಮೊಮ್ಮಗಳು ಪ್ರೇಕ್ಷಾಗೆ ಮೀನಿಲ್ಲ, ತೆಂಗಿನಕಾಯಿ ಇಲ್ಲ, ತುಪ್ಪ ಇಲ್ಲ. ಬರೀ ಗಂಜಿ. ಯಾಕಂದ್ರೆ ತಿಂದದ್ದೆಲ್ಲ ಎಣ್ಣೆ ಎಣ್ಣೆಯಾಗಿ ಹೊರಗೆ. ಗಬ್ಬು ವಾಸನೆ ಬೇರೆ! ಎಷ್ಟು ನೀರು ಹೊಯ್ದರೂ ಪಾಯಖಾನೆಯಲ್ಲಿ ತೇಲ್ತಾನೇ ಇರ್ತಿತ್ತು. "ಜಿಡ್ಡೆಲ್ಲ ಅವಳಿಗೆ ನಂಜು" ಅಂದಳು ಅಜ್ಜಿ. ಅಜ್ಜಿ ಅಂದಮೇಲೆ ಮುಗೀತು.

ಹುಡುಗಿ ಸೊರಗುತ್ತಾ ಹೋದಳು. ಒಂದು ಜ್ವರ ಬಿಟ್ಟರೆ ಇನ್ನೊಂದು ಕೆಮ್ಮು. ಶಾಲೆಯ ಖೋಖೋದಲ್ಲಿ ಯಾರ ಕೈಗೂ ಸಿಗದವಳು ಈಗ ಕಟ್ಟೆ ಮೇಲೆ ಕೂತು ನೋಡುವವಳಾದಳು. ತಾಯಿ ರೂಪಾ ತಡೆಯಲಾರದೆ ಕಾರವಾರಕ್ಕೆ ಕರೆದುಕೊಂಡು ಹೋಗಿ ದೊಡ್ಡ ಡಾಕ್ಟರಿಗೆ ತೋರಿಸಿದಳು. ಮಲದ ಪರೀಕ್ಷೆ, ಹೊಟ್ಟೆಯ ಸ್ಕ್ಯಾನ್ ಎಲ್ಲ ಆಯ್ತು. ಗುಳಿಗೆ ಡಬ್ಬಿಯೊಂದಿಗೆ ಮನೆಗೆ ಬಂದಳು.

"ಎಂತಕ್ಕೇ ಇದು?" ಅಂತ ಅಜ್ಜಿ ಕೇಳಿದಳು.

"ಕೊಬ್ಬು ಕರಗಿಸೂಕಂತೆ, ಅತ್ತೆ."

ಅಷ್ಟು ಸಾಕಾಯ್ತು!

"ಅಯ್ಯೋ ಮಾರಾಯ್ತಿ! ಈ ಕಡ್ಡಿ ಮೈಯಲ್ಲಿ ಕೊಬ್ಬು ಎಲ್ಲಿ ಅದೆ ಕರಗಿಸೂಕೆ? ಮೂಳೆನೂ ಕರಗಿಸಿ ಬಿಡ್ತಿಯಾ?"

ಡಬ್ಬಿ ಹೋಗಿ ಅಜ್ಜಿಯ ಪೆಟ್ಟಿಗೆ ಸೇರಿತು.

ಆಮೇಲೆ ಬಂದ ಜ್ವರ ಪುಪ್ಪುಸಕ್ಕೆ ಇಳಿಯಿತು. ಪ್ರೇಕ್ಷಾ ಆಸ್ಪತ್ರೆಯಲ್ಲಿ ಮಲಗಿ, ಬದುಕಿ ಬಂದಳು. ಆಗ ನೋಡಲು ಬಂದವಳು ಊರಿನ ಆಶಾ ಕಾರ್ಯಕರ್ತೆ ಲಲಿತಾ.

"ಗುಳಿಗೆ ಕೊಡ್ತಿದ್ದೀರಲ್ಲ?" ಅಂತ ಡಾಕ್ಟರ ಚೀಟಿ ಓದಿ ಕೇಳಿದಳು.

ರೂಪಾ ಅತ್ತೆಯ ಮುಖ ನೋಡಿದಳು.

"ನಾನೇ ತೆಗೆದಿಟ್ಟೆ," ಅಂದಳು ಅಜ್ಜಿ. "ನನ್ನ ಮೊಮ್ಮಗಳನ್ನ ಕರಗಿಸೂಕೆ ನಾ ಬಿಡೂದಿಲ್ಲ."

ಲಲಿತಾಗೆ ನಗು ಬಂತು. "ಅಜ್ಜಿ, ಮೈಯ ಕೊಬ್ಬಲ್ಲ, ಊಟದ ಕೊಬ್ಬು! ತಾರ್ಲೆ ಸಾರಿನ ಪಾತ್ರೆಗೆ ಬರೀ ನೀರು ಹೊಯ್ದರೆ ಜಿಡ್ಡು ಹೋಗ್ತದ್ಯಾ?"

"ಎಲ್ಲಿ ಹೋಗ್ತದೆ? ಸೋಪು ಹಾಕಿ ತಿಕ್ಕಬೇಕು."

"ಹೊಟ್ಟೆಯಲ್ಲೂ ಹಾಂಗೇ. ಅಲ್ಲೊಂದು ಗ್ರಂಥಿ ಅದೆ, ಮೇದೋಜೀರಕ ಅಂತ. ಅದು ಲೈಪೇಸ್ ಅಂತ ಒಂದು ರಸ ಬಿಡ್ತದೆ. ಜಿಡ್ಡನ್ನ ಒಡೆದು ಮೈಗೆ ಸೇರುವ ಹಾಂಗೆ ಮಾಡೂದು ಅದೇ. ಪ್ರೇಕ್ಷಾಗೆ ಆ ರಸ ಸಾಲೂದಿಲ್ಲ. ಜಿಡ್ಡು ಹೊರಗೆ ಹೋಗುವಾಗ ಎ, ಡಿ ಜೀವಸತ್ವಗಳನ್ನೂ ಎಳ್ಕೊಂಡು ಹೋಗ್ತದೆ. ಅವಿಲ್ಲದಿದ್ರೆ ಮೈ ರೋಗದ ಜೊತೆ ಹೇಗೆ ಗುದ್ದಾಡೂದು? ಕಮ್ಮಿ ಬಿದ್ದ ರಸವೇ ಈ ಗುಳಿಗೆಯಲ್ಲಿ ಅದೆ."

"ಹಾಂಗಾದ್ರೆ... ನಾನು ಮೀನು ಬಿಡಿಸಿದ್ದು?" ಅಂದಳು ಅಜ್ಜಿ.

"ಮೀನೂ ಬೇಕು, ಕಾಯಿನೂ ಬೇಕು. ಗುಳಿಗೆ ಜೊತೆ."

"ಮಗು ಬಾಯಿಂದ ನಾನೇ ಕಿತ್ಕೊಂಡೆನಲ್ಲೇ!" ಅಂತ ಅಜ್ಜಿ ಅತ್ತುಬಿಟ್ಟಳು. ಎದ್ದು ಹೋಗಿ ಡಬ್ಬಿ ತಂದಳು. "ಇವತ್ತಿಂದ ಊಟ ಆದ ಕೂಡ್ಲೇ ಕೊಡ್ತೆ."

"ಊಟ ಆದ್ಮೇಲೆ ಅಲ್ಲ ಅಜ್ಜಿ! ಮೊದಲ ತುತ್ತಿನ ಜೊತೆಗೇ. ಅಗಿಯೂಕಿಲ್ಲ, ನುಂಗಬೇಕು."

ಆವತ್ತಿಂದ ಅಜ್ಜಿ ಬಟ್ಟಲ ಮುಂದೆ ಪೊಲೀಸಿನ ಹಾಂಗೆ ಕೂತಳು. ಗುಳಿಗೆ ಒಳಗೆ ಹೋಗದೆ ತಾರ್ಲೆ ಮುಟ್ಟೂ ಹಾಂಗಿಲ್ಲ!

ಒಂದು ದಿನ ಬೆಳಿಗ್ಗೆ ಪಾಯಖಾನೆಯಿಂದ ಇಡೀ ಕೇರಿಗೆ ಕೇಳುವಂತೆ ಪ್ರೇಕ್ಷಾ ಕೂಗಿದಳು.

"ಅಜ್ಜೀ! ಮುಳುಗ್ತು!"

ಅಂಗಳ ಗುಡಿಸುತ್ತಿದ್ದ ಅಜ್ಜಿ ಹಿಡಿಕಟ್ಟೆ ಬಿಸಾಡಿ ಓಡಿದಳು. ಬಗ್ಗಿ ನೋಡಿದಳು. "ಹೌದೇ ಹೌದು! ಮುಳುಗ್ತು, ಮುಳುಗ್ತು!" ಅಂತ ಚಪ್ಪಾಳೆ ಹೊಡೆದಳು. ರೂಪಾ ನಗುತ್ತಾ ನಗುತ್ತಾ ಕಣ್ಣೊರೆಸಿಕೊಂಡಳು. ಜ್ವರ ಅಪರೂಪ ಆಯ್ತು, ಕೆನ್ನೆ ತುಂಬಿತು. ಅಂಕೋಲೆಯ ಖೋಖೋ ಪಂದ್ಯದಲ್ಲಿ ಪ್ರೇಕ್ಷಾಳನ್ನು ಮುಟ್ಟಲು ಒಬ್ಬಳಿಗೂ ಆಗಲಿಲ್ಲ. ಮೈದಾನದ ತುಂಬ ಕೇಳಿದ್ದು ಮಾದಿಯಜ್ಜಿಯ ಕೂಗು.

ಅಕ್ಕ ತಂಗಿಯರೇ, ನಿಮ್ಮ ಮನೆಯ ಮಗುವಿಗೂ ಹೀಗೇ ಜಿಡ್ಡಾಗಿ ತೇಲುತ್ತದೆಯೇ? ತಿಂದರೂ ಮೈ ಹಿಡಿಯುವುದಿಲ್ಲವೇ? ಮತ್ತೆ ಮತ್ತೆ ಕಾಯಿಲೆಯೇ? ನಂಜು ಅಂತ ಮನೆಯಲ್ಲೇ ತೀರ್ಮಾನ ಮಾಡಬೇಡಿ, ನೀವಾಗಿಯೇ ಗುಳಿಗೆ ಕೊಳ್ಳಲೂ ಬೇಡಿ. ಡಾಕ್ಟರಿಗೆ ತೋರಿಸಿ, ಅವರ ಮಾತು ಅರ್ಥವಾಗದಿದ್ದರೆ ಇನ್ನೊಮ್ಮೆ ಕೇಳಿ. ನಾಚಿಕೆ ಯಾಕೆ? ನಾಳೆ ಬೆಳಿಗ್ಗೆ ನೀರು ಹೊಯ್ಯುವ ಮುಂಚೆ ಒಂದು ಸಲ ಬಗ್ಗಿ ನೋಡಿ.